ಅಗಸ್ತ್ಯತೀರ್ಥ ಹಿನ್ನೆಲೆಯಲ್ಲ

ಬಾದಾಮಿಯನ್ನು ಕುರಿತು ನಮ್ಮವರು ಬರೆಯುವ ಲೇಖನಗಳಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ. ಕೆಂಬಂಡೆಗಳ ನಡುವೆ, ಅಗಸ್ತ್ಯತೀರ್ಥದ ರಮಣೀಯ ಹಿನ್ನೆಲೆಯಲ್ಲಿ ಗುಹಾಲಯಗಳು ಶೋಭಿಸುತ್ತಿವೆ ಎಂಬರ್ಥದ ವಾಕ್ಯವದು. ಈ ಒಂದು ವಾಕ್ಯದ ಕಂದಾಯವನ್ನು ಸಲ್ಲಿಸಿದ ಮೇಲೆ ಲೇಖಕರು ನಿರಾಳವಾಗಿ ಶಕವರ್ಷಕ್ಕೆ, ಬಿರುದಾವಳಿಗೆ, ಕಂಬಗಳ ಲೆಕ್ಕಕ್ಕೆ ಹೊರಡುತ್ತಾರೆ. ನೀರಿನ ಮಾತು ಅಲ್ಲಿಗೆ ಮುಗಿಯಿತು. ಬೆಳಕಿನ ಮಾತಂತೂ ಆರಂಭವೇ ಆಗುವುದಿಲ್ಲ. ಆ ವಾಕ್ಯದಲ್ಲಿರುವ 'ಹಿನ್ನೆಲೆ' ಎಂಬ ಶಬ್ದದ ಮೇಲೆ ನನ್ನ ತಕರಾರಿದೆ. ನಾಟಕದಲ್ಲಿ ಹಿನ್ನೆಲೆಯೆಂದರೆ ಬಣ್ಣ ಬಳಿದ ಪರದೆ. ಅದನ್ನು ಕಳಚಿಟ್ಟರೂ ನಾಟಕ ನಡೆಯುತ್ತದೆ. ಬಾದಾಮಿಯ ಕೆರೆಯನ್ನು ಹಾಗೆ ಕಳಚಿಡಲು ಬರುವುದಿಲ್ಲ. ಕಳಚಿಟ್ಟು ಬರೆದ ಬಾದಾಮಿಯ ಚರಿತ್ರೆ ಅರ್ಧ ಚರಿತ್ರೆ ಎಂಬುದು ಈ ಲೇಖನದ ವಾದ.

ಕೆಲಕಾಲದ ಹಿಂದೆ ವಿಚಾರಸಂಕಿರಣವೊಂದರಲ್ಲಿ ಈ ಮಾತನ್ನೆತ್ತಿದಾಗ ಹಿರಿಯ ಶಾಸನತಜ್ಞರೊಬ್ಬರು ನಕ್ಕು, "ನೋಟ ಪ್ರವಾಸಿಗಳಿಗೆ, ಪಾಠ ನಮಗೆ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಪ್ರಾಸ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಆ ಪ್ರಾಸದ ಒಳಗೆ ಅಡಗಿರುವ ತಿಳಿವಳಿಕೆ ನಮ್ಮ ಕನ್ನಡ ವಿಭಾಗಗಳಿಗೆ ಮಾಡಿರುವ ಹಾನಿ ಸಣ್ಣದಲ್ಲ. ಕಪ್ಪೆ ಅರಭಟ್ಟನ ಶಾಸನವನ್ನು ಪದವಿ ತರಗತಿಯಲ್ಲಿ ಪಾಠ ಮಾಡದ ಕನ್ನಡ ಅಧ್ಯಾಪಕನಿಲ್ಲ. ಸುಮಾರು ಕ್ರಿ.ಶ. 700ರದು, ತ್ರಿಪದಿಯ ಅತ್ಯಂತ ಹಳೆಯ ಲಿಖಿತ ರೂಪ ಇದರಲ್ಲಿದೆ ಎಂದು ಹೇಳುತ್ತೇವೆ, ಅಂಶಗಣ ಹಾಕಿಸುತ್ತೇವೆ, ಪರೀಕ್ಷೆಯಲ್ಲಿ ಕೇಳುತ್ತೇವೆ. ಆ ಶಾಸನ ಎಲ್ಲಿದೆ ಎಂದು ಕೇಳಿದರೆ 'ಬಾದಾಮಿಯಲ್ಲಿ' ಎಂಬಷ್ಟೇ ಉತ್ತರ. ಅದು ಕೆರೆಯ ಈಶಾನ್ಯ ಭಾಗದ ಬಂಡೆಯ ಮೇಲೆ ನೀರಿನ ಕಡೆಗೆ ಮುಖಮಾಡಿದೆ, ಓದಬೇಕಾದವನು ಕೆರೆಯ ದಂಡೆ ಹಿಡಿದೇ ನಡೆದುಬರಬೇಕು ಎಂಬುದು ಎಷ್ಟು ಮಂದಿ ಅಧ್ಯಾಪಕರಿಗೆ ಗೊತ್ತು? ಒಬ್ಬ ಮನುಷ್ಯನ ಗುಣವನ್ನು ಊರಿನ ಎದುರು ಸಾರಬೇಕಾದಾಗ ಅದನ್ನು ಬರೆಯಿಸಿದವರು ಆರಿಸಿಕೊಂಡದ್ದು ನೀರಿನ ಮೇಲಣ ಬಂಡೆಯನ್ನು. ಈ ಆಯ್ಕೆಯೂ ಪಾಠದ ಭಾಗವೇ. ಅಚ್ಚಿನ ಪುಸ್ತಕಕ್ಕೆ ಇಳಿಸಿಕೊಂಡಾಗ ಅಕ್ಷರ ಬಂತು, ಬಂಡೆ ಅಲ್ಲಿಯೇ ಉಳಿಯಿತು.

ಮೊದಲು ನೀರಿನ ಸಂಗತಿಯನ್ನು ನೋಡೋಣ. ಅಗಸ್ತ್ಯತೀರ್ಥವನ್ನು ನಿಸರ್ಗದ ಕೊಡುಗೆಯೆಂದು ಬಣ್ಣಿಸುವುದು ವಾಡಿಕೆ. ಅದು ಮನುಷ್ಯರು ಕಟ್ಟಿದ ಕೆರೆ. ಉತ್ತರ, ದಕ್ಷಿಣ, ಪೂರ್ವಗಳಲ್ಲಿ ಬಂಡೆಗಳು ಗೋಡೆಯಂತೆ ಎದ್ದುನಿಂತಿವೆ. ತೆರೆದಿದ್ದ ಪಶ್ಚಿಮ ದಿಕ್ಕಿಗೆ ಏರಿ ಹಾಕಿದ್ದಾರೆ, ಏರಿಗೆ ಮೆಟ್ಟಿಲುಗಳನ್ನು ಕಟ್ಟಿದ್ದಾರೆ, ಏರಿಯ ಆಚೆಗೆ ಊರಿದೆ. ಮಳೆ ಕಡಿಮೆಯ ಸೀಮೆಯಿದು. ಆದರೆ ಬಿದ್ದ ಮಳೆಯನ್ನು ಬರಿಬಂಡೆ ಹೀರಿಕೊಳ್ಳುವುದಿಲ್ಲ, ಕೆಳಕ್ಕೆ ಸುರಿದುಬಿಡುತ್ತದೆ. ಜೋರುಮಳೆಯ ದಿನ ಅಕ್ಕ-ತಂಗಿಯರೆಂದು ಜನ ಕರೆಯುವ ಎರಡು ಧಾರೆಗಳು ಬಂಡೆಯ ತಲೆಯಿಂದ ಧುಮುಕುವುದನ್ನು ಕಂಡವರಿಗೆ, ಈ ಕೆರೆಯನ್ನು ಕಟ್ಟಿದವರ ಲೆಕ್ಕಾಚಾರ ಹೇಳದೆಯೇ ತಿಳಿಯುತ್ತದೆ. ಒಂದನೆಯ ಪುಲಕೇಶಿ ಶಕ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ವಾತಾಪಿಯ ಬೆಟ್ಟವನ್ನು ದುರ್ಗವಾಗಿಸಿದನೆಂದು ಬಂಡೆಯ ಶಾಸನ ಹೇಳುತ್ತದೆ. ದುರ್ಗವೆಂದೊಡನೆ ನಾವು ಕೋಟೆಗೋಡೆಯನ್ನು, ಬತೇರಿಯನ್ನು ಊಹಿಸಿಕೊಳ್ಳುತ್ತೇವೆ. ನೀರಿಲ್ಲದ ದುರ್ಗ ಎಷ್ಟು ದಿನ ನಿಂತೀತು? ಸೈನ್ಯಶಾಸ್ತ್ರ ಬಲ್ಲ ಯಾರನ್ನಾದರೂ ಕೇಳಿ. ಬಾದಾಮಿಯಲ್ಲಿ ಕೆರೆಯ ಏರಿಯೂ ಗುಹೆ, ಗುಡಿಗಳಷ್ಟೇ ವಾಸ್ತುವೆಂದು ನಾನು ಎಣಿಸುವುದು ಇದಕ್ಕಾಗಿ. ಗುಡಿಯ ಪಟ್ಟಿಕೆಗಳನ್ನು ಒಂದೊಂದಾಗಿ ಹೆಸರಿಸುವ ನಮ್ಮ ವಾಸ್ತುಗ್ರಂಥಗಳು ಏರಿಯ ಮೆಟ್ಟಿಲುಗಳಿಗೆ ಅರ್ಧ ಪುಟವನ್ನೂ ಕೊಡುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗಬಹುದು. ಈ ಮರಳುಗಲ್ಲೇ ನೀರಿನ ಕೃತಿ. ಲೆಕ್ಕಕ್ಕೆ ಸಿಗದಷ್ಟು ಹಿಂದೆ ಹರಿದ ಹೊಳೆಗಳು ಹೊತ್ತುತಂದು ಹರಡಿದ ಮರಳು ಪದರ ಪದರವಾಗಿ ಗಟ್ಟಿಯಾದುದರಿಂದ ಆದ ಬಂಡೆ ಇದು. ಭೂವಿಜ್ಞಾನಿಗಳು ಇಲ್ಲಿನ ಒಂದು ಶಿಲಾಸ್ತರಕ್ಕೆ 'ಗುಹಾದೇವಾಲಯ ಮರಳುಗಲ್ಲು' ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಶಿಲ್ಪವನ್ನು ನೋಡಿ ಕಲ್ಲಿಗೆ ಹೆಸರಿಟ್ಟ ವಿಜ್ಞಾನಿಗಳಿದ್ದಾರೆ. ಕಲ್ಲನ್ನು ನೋಡದೆ ಶಿಲ್ಪದ ಬಗ್ಗೆ ಬರೆಯುವ ಪಂಡಿತರು ನಾವು. ಒಳಗೋಡೆಗಳ ಮೇಲೆ ಅಲೆಯಲೆಯಾಗಿ ಹರಿದಿರುವ ಕೆಂಪು, ಬಿಳಿ, ನೇರಳೆಯ ಗೆರೆಗಳನ್ನು ಚಿತ್ರಕಾರನೊಬ್ಬ ಬರೆದಂತೆ ಕಾಣುತ್ತೇವೆ. ಹಳೆಯ ಪ್ರವಾಹದ ಗುರುತುಗಳವು.

ಈಗ ಬೆಳಕು. ನಾಲ್ಕು ಗುಹಾಲಯಗಳೂ ದಕ್ಷಿಣದ ಬೆಟ್ಟದಲ್ಲಿ ಉತ್ತರಕ್ಕೆ ತೆರೆದಂತಿವೆ. ವರ್ಷದ ಬಹುಪಾಲು ದಿನ ನೇರ ಬಿಸಿಲು ಇವುಗಳ ಒಳಕ್ಕೆ ಬೀಳುವುದಿಲ್ಲ. ಆಕಾಶದಿಂದ ಇಳಿದ ಬೆಳಕು ಮುಂಗಟ್ಟೆಯ ಕಲ್ಲಿಗೆ ತಾಗಿ, ಅಲ್ಲಿಂದ ಮೇಲಕ್ಕೆ ಚಿಮ್ಮಿ, ಪಡಸಾಲೆಯ ಚಾವಣಿಗೂ ಬೋದಿಗೆಗಳಿಗೂ ಕೆಳಗಿನಿಂದ ಹತ್ತುತ್ತದೆ. ಕೆಂಪುಕಲ್ಲಿಗೆ ತಾಗಿ ಬಂದ ಬೆಳಕಾದ್ದರಿಂದ ಅದಕ್ಕೂ ಒಂದಿಷ್ಟು ಕೆಂಪು ಅಂಟಿರುತ್ತದೆ. ಮೂರನೆಯ ಗುಹೆಯ ಬೋದಿಗೆಗಳಲ್ಲಿರುವ ಮಿಥುನಗಳನ್ನು ಕೈದೀಪ ಹಿಡಿದು ನೋಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಒಂದು ಗಳಿಗೆ ಕಣ್ಣು ಹೊಂದಿಕೊಳ್ಳಲು ಬಿಟ್ಟರೆ ಆ ಮುಖಗಳು ತಾವಾಗಿ ಮೂಡಿಬರುತ್ತವೆ. ಬೆಳಕು ಎತ್ತಲಿಂದ ಬರುತ್ತದೆಂದು ಅರಿತೇ ಉಳಿಯ ಆಳವನ್ನು ನಿರ್ಧರಿಸಿದವನ ಕೆಲಸವದು. ಗೋಡೆಯ ದೊಡ್ಡ ವಿಗ್ರಹಗಳಿಗೆ ಆಳವಾದ ಕಡೆತ, ಒಳಗೆ ಹೋದಂತೆ ಅಲಂಕಾರ ವಿರಳ, ಗರ್ಭಗೃಹ ಬಹುತೇಕ ಬೋಳು. ಒಳಗಡೆ ಕಾಣದ ಕೆತ್ತನೆಗೆ ಯಾರೂ ಶ್ರಮ ವ್ಯಯಿಸಿಲ್ಲ.

ಇದೇ ಗುಹೆಯ ಮಂಗಲೇಶನ ಶಾಸನವನ್ನು ನಾವು ಶಕ 500 ಎಂಬ ಕಾಲನಿರ್ದೇಶಕ್ಕಾಗಿ ಆದರಿಸುತ್ತೇವೆ. ಆದರಿಸಬೇಕು, ಚಾಲುಕ್ಯ ಕಲೆಯ ಕಾಲಗಣನೆಗೆ ಅದೊಂದು ಗೂಟ. ಆದರೆ ಆ ಪ್ರತಿಷ್ಠಾಪನೆ ನಡೆದದ್ದು ಕಾರ್ತಿಕ ಪೂರ್ಣಿಮೆಯಂದು ಎಂಬುದನ್ನೂ ಅದೇ ಶಾಸನ ಹೇಳುತ್ತದೆ. ಮಳೆಗಾಲ ಕಳೆದು ಆಗಸ ತಿಳಿಯಾಗುವ ಕಾಲ; ಸೂರ್ಯ ಪಶ್ಚಿಮದ ಬಯಲಿನತ್ತ ಇಳಿಯುವಾಗಲೇ ಪೂರ್ವದ ಬಂಡೆಗಳ ಮೇಲೆ ಚಂದ್ರ ಏರುವ ದಿನ. ತಿಥಿಯನ್ನು ಕ್ರಿಸ್ತಶಕದ ತಾರೀಖಿಗೆ ಬದಲಾಯಿಸುವ ಲೆಕ್ಕದಲ್ಲಿ ಮುಳುಗಿದ ನಾವು, ಅಂದು ಹುಣ್ಣಿಮೆಯಿತ್ತು ಎಂಬ ಸರಳ ಸಂಗತಿಯನ್ನು ಗಮನಿಸುವುದಿಲ್ಲ. ಪಕ್ಕದಲ್ಲಿಯೇ ಇರುವ ಮಂಗಲೇಶನ ಕನ್ನಡ ಶಾಸನ ಈ ಗುಹೆಯನ್ನು 'ಕಲ್ಮನೆ' ಎಂದು ಕರೆಯುತ್ತದೆ. ಎಷ್ಟು ಸರಿಯಾದ ಮಾತು! ಗುಹೆ ಎಂಬ ನಮ್ಮ ಶಬ್ದದಲ್ಲಿ ಕತ್ತಲೆಯಿದೆ. ಮನೆಗೆ ಪಡಸಾಲೆಯಿರುತ್ತದೆ, ಪಡಸಾಲೆಯಲ್ಲಿ ಕುಳಿತವನಿಗೆ ಹೊರಗಿನದು ಕಾಣುತ್ತಿರುತ್ತದೆ.

ಕೆರೆಯ ಪೂರ್ವದ ಅಂಚಿನಲ್ಲಿರುವ ಭೂತನಾಥ ದೇವಾಲಯ ನನ್ನ ವಾದಕ್ಕೆ ಇನ್ನೂ ದೊಡ್ಡ ಸಾಕ್ಷಿ. ಇದರ ಗರ್ಭಗೃಹ ಮತ್ತು ಒಳಮಂಟಪ ಬಾದಾಮಿ ಚಾಲುಕ್ಯರ ಕಾಲದವು. ನೀರಿನತ್ತ ಚಾಚಿಕೊಂಡಿರುವ ಹೊರಮಂಟಪ ಕಲ್ಯಾಣ ಚಾಲುಕ್ಯರ ಕಾಲದ್ದು, ಹನ್ನೊಂದನೆಯ ಶತಮಾನದ್ದು. ಕಲಾಚರಿತ್ರೆಕಾರರು ಇದನ್ನು 'ನಂತರದ ಸೇರ್ಪಡೆ' ಎಂದು ತುಸು ಮೂಗುಮುರಿದೇ ಬರೆಯುತ್ತಾರೆ. ನಡುವಿನ ಮುನ್ನೂರು-ನಾನೂರು ವರ್ಷಗಳಲ್ಲಿ ರಾಜಧಾನಿ ಬೇರೆಡೆಗೆ ಹೋಗಿತ್ತು, ವಂಶಗಳು ಬದಲಾಗಿದ್ದವು. ಹಾಗಿದ್ದೂ ಹೊಸದಾಗಿ ಕಟ್ಟಲು ಬಂದವರು ಗುಡಿಯನ್ನು ಬೆಳೆಸಿದ್ದು ಕೆರೆಯ ದಿಕ್ಕಿಗೆ. ಅದೂ ಗೋಡೆ ಮುಚ್ಚದ, ಕಂಬಗಳ ನಡುವೆ ನೀರು ಕಾಣುವ ಮಂಟಪವಾಗಿ. ಮೊದಲಿನವರು ಏನನ್ನು ನೋಡಿ ಆ ಜಾಗ ಆರಿಸಿದ್ದರೋ ಅದನ್ನು ಇವರೂ ನೋಡಿದ್ದರು.

ಅಲ್ಲಿಗೆ ಸಂಜೆಯ ಹೊತ್ತು ಹೋಗಬೇಕು. ಬೆಳಿಗ್ಗೆ ಸೂರ್ಯ ಗುಡಿಯ ಬೆನ್ನಿಗಿರುತ್ತಾನೆ. ಏರಿಯ ಮೇಲೆ ನಿಂತವನಿಗೆ ಗುಡಿ ಕಪ್ಪು ಆಕೃತಿಯಾಗಿ ಮಾತ್ರ ಕಾಣುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲಿನ ಬಣ್ಣವೇ ಆರಿಹೋಗುತ್ತದೆ. ಸಾಯಂಕಾಲ ಐದರ ಸುಮಾರಿಗೆ ಪಶ್ಚಿಮದ ತೆರೆದ ದಿಕ್ಕಿನಿಂದ ಬಿಸಿಲು ಅಡ್ಡಲಾಗಿ ಬಂದು ಇಡೀ ಕೆರೆಯನ್ನು ದಾಟಿ ಗುಡಿಯ ಮುಖಕ್ಕೆ ತಾಗುತ್ತದೆ. ಆಗ ಮಂಟಪದೊಳಗೆ ನಿಂತು ತಲೆಯೆತ್ತಿ ನೋಡಿದರೆ, ನೀರಿನಿಂದ ಪ್ರತಿಫಲಿಸಿದ ಬೆಳಕು ಚಾವಣಿಯ ಕೆಳಗೆ ಬಲೆಯಂತೆ ಅಲುಗಾಡುತ್ತಿರುತ್ತದೆ. ಗಾಳಿ ನಿಂತರೆ ಅದೂ ನಿಲ್ಲುತ್ತದೆ. ಕಲ್ಲಿನ ಚಾವಣಿಯೊಂದು ಚಲಿಸಿದಂತೆ ಕಾಣುವ ಈ ಗಳಿಗೆಯನ್ನು ಯಾವ ನಕಾಶೆಯೂ ದಾಖಲಿಸುವುದಿಲ್ಲ. ಪ್ರವಾಸಿಗಳ ಬಸ್ಸು ಅಷ್ಟುಹೊತ್ತಿಗೆ ಬನಶಂಕರಿಗೋ ಪಟ್ಟದಕಲ್ಲಿಗೋ ಹೋಗಿರುತ್ತದೆ. ಸಂಶೋಧಕರ ಬಸ್ಸೂ ಹೋಗಿರುತ್ತದೆ, ಅದು ಬೇರೆ ಮಾತು.

ನಕಾಶೆಯ ಮಾತು ಬಂತು. ಜೇಮ್ಸ್ ಬರ್ಜೆಸ್ 1874ರ ಜನವರಿಯಿಂದ ಮೇ ತಿಂಗಳವರೆಗೆ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಸರ್ವೇಕ್ಷಣ ಮಾಡಿ ಇಲ್ಲಿನ ಗುಹೆಗಳನ್ನು ಅಳೆದು ಬರೆದ. ಹೆನ್ರಿ ಕಸೆನ್ಸ್‌ನ ಚಾಲುಕ್ಯ ವಾಸ್ತುವಿನ ಗ್ರಂಥ 1926ರಲ್ಲಿ ಹೊರಬಂತು. ಇವರ ಋಣ ದೊಡ್ಡದು; ಅಳೆಯದೆ ಬರೆದ ಹೊಗಳಿಕೆಗಿಂತ ಅಳೆದು ಬರೆದ ಒಣ ಪುಟ ಸಾವಿರ ಪಾಲು ಮೇಲು. ಆದರೆ ಗುಹೆಯ ನಕ್ಷೆಯಲ್ಲಿ ಗುಹೆಯಷ್ಟೇ ಇರುತ್ತದೆ, ಗುಡಿಯ ನಕ್ಷೆಯಲ್ಲಿ ಗುಡಿಯಷ್ಟೇ. ಕಾಗದದ ಅಂಚಿಗೆ ನೀರು ನಿಂತುಹೋಗುತ್ತದೆ. ಅವರಿಗೆ ಅದು ಕೆಲಸದ ಅನುಕೂಲವಾಗಿತ್ತು. ನಾವು ಆ ಅನುಕೂಲವನ್ನು ಶಾಸ್ತ್ರ ಮಾಡಿಕೊಂಡು ಒಂದನೆಯ ಗುಹೆ, ಎರಡನೆಯ ಗುಹೆ ಎಂದು ಎಣಿಸುತ್ತ ಕುಳಿತೆವು.

ನಮ್ಮವರನ್ನೂ, ಎಂದರೆ ಜೈನ ಬಾಂಧವರನ್ನೂ, ಇಲ್ಲಿ ಬಿಡುವಂತಿಲ್ಲ. ನಾಲ್ಕನೆಯ ಗುಹೆ ನಮ್ಮದು. ನಾಲ್ಕರಲ್ಲಿ ಅದು ಚಿಕ್ಕದು. ಅಲ್ಲಿಗೆ ಬರುವ ನಮ್ಮ ಯಾತ್ರಿಕರು ನಮಸ್ಕರಿಸಿ, ಪಾರ್ಶ್ವನಾಥನ ಎದುರು ಒಂದು, ಬಾಹುಬಲಿಯ ಎದುರು ಒಂದು ಚಿತ್ರ ತೆಗೆಸಿಕೊಂಡು ಇಳಿಯುತ್ತಾರೆ. ವಿದ್ವಾಂಸರಾದರೆ, ಈ ಬಾಹುಬಲಿ ಶ್ರವಣಬೆಳಗೊಳದ ಮೂರ್ತಿಗಿಂತ ಎಷ್ಟು ಶತಮಾನ ಹಿರಿಯ ಎಂದು ವಾದಕ್ಕೆ ನಿಲ್ಲುತ್ತಾರೆ. ಹಿರಿಯನೇ, ಸಂದೇಹವಿಲ್ಲ. ಬಾದಾಮಿ ಮತ್ತು ಐಹೊಳೆಯ ಬಾಹುಬಲಿಗಳು ಭಾರತದ ಅತಿ ಹಳೆಯ ಬಾಹುಬಲಿ ಶಿಲ್ಪಗಳ ಸಾಲಿನವು. ಆದರೆ ಹಿರಿತನವನ್ನು ಸಾಧಿಸುವ ಭರದಲ್ಲಿ, ಇವೆರಡೂ ಬೇರೆ ಬೇರೆ ಬೆಳಕಿನ ಶಿಲ್ಪಗಳೆಂಬುದು ಮರೆತುಹೋಗಿದೆ. ವಿಂಧ್ಯಗಿರಿಯ ಮೂರ್ತಿ ಬಯಲಿನಲ್ಲಿ, ಇಡೀ ಆಕಾಶದ ಕೆಳಗೆ ನಿಂತಿದೆ. ದಿನದ ಪ್ರತಿ ಗಳಿಗೆಗೂ ಅದರ ಮುಖದ ನೆರಳು ಬದಲಾಗುತ್ತದೆ. ಬಾದಾಮಿಯ ಬಾಹುಬಲಿ ನಸುಬೆಳಕಿನಲ್ಲಿದ್ದಾನೆ. ಕಾಲಿಗೆ ಹಬ್ಬಿದ ಬಳ್ಳಿ, ಹುತ್ತದಿಂದ ಹೊರಟ ಹಾವು ಮೊದಲ ನೋಟಕ್ಕೆ ಕಾಣುವುದಿಲ್ಲ. ಎದುರಿಗೆ ಸುಮ್ಮನೆ ನಿಂತವನಿಗೆ ಒಂದೊಂದಾಗಿ ಕಾಣತೊಡಗುತ್ತವೆ. ಬಳ್ಳಿ ಹಬ್ಬಲು ಹಿಡಿದ ಕಾಲವನ್ನು ನೋಡುವವನ ಕಣ್ಣಿಗೂ ಸ್ವಲ್ಪ ಹೊರಿಸುವ ಶಿಲ್ಪವಿದು.

ಅಲ್ಲಿಂದ ತಿರುಗಿ ನಿಂತರೆ ಕೆಳಗೆ ಕೆರೆ. ಭರತ-ಬಾಹುಬಲಿಯರ ಮೂರು ಯುದ್ಧಗಳಲ್ಲಿ ಎರಡು ದೃಷ್ಟಿಯುದ್ಧ ಮತ್ತು ಜಲಯುದ್ಧ ಎಂಬುದು ಕನ್ನಡ ಓದಿದ ಯಾರಿಗೂ ಅಲ್ಲಿ ನೆನಪಾಗದಿರದು. ಪಂಪನ ಆದಿಪುರಾಣ ಕ್ರಿ.ಶ. 941ರದು, ಶಿಲ್ಪ ಅದಕ್ಕಿಂತ ಹಿಂದಿನದು, ಆದ್ದರಿಂದ ಶಿಲ್ಪಿಯ ತಲೆಗೆ ಪಂಪನ ಪ್ರಸಂಗವನ್ನು ತುರುಕುವ ಉದ್ದೇಶ ನನಗಿಲ್ಲ. ಆದರೆ ನೋಡುವವನ ತಲೆಯಲ್ಲಿ ಅದು ಇದ್ದರೆ ತಪ್ಪೇನು? ಕಣ್ಣಿನಿಂದಲೂ ನೀರಿನಿಂದಲೂ ಗೆದ್ದವನು, ಗೆದ್ದದ್ದೆಲ್ಲವನ್ನೂ ಬಿಟ್ಟು, ನೀರಿನ ಮೇಲೊಂದು ಬಂಡೆಯ ನೆರಳಿನಲ್ಲಿ ಕಣ್ಣರೆಮುಚ್ಚಿ ನಿಂತಿದ್ದಾನೆ. ಇದೇ ಗುಹೆಯಲ್ಲಿ ತೀರ್ಥಂಕರನ ಪಾದದ ಬಳಿ ಹನ್ನೆರಡನೆಯ ಶತಮಾನದ ಹಳಗನ್ನಡ ಶಾಸನವೊಂದಿದೆ. ಜಕ್ಕವೆಯೆಂಬಾಕೆಯ ಮರಣವನ್ನು ಅದು ದಾಖಲಿಸುತ್ತದೆ. ಗುಹೆ ಕಡೆದು ಐದು ಶತಮಾನಗಳಾದ ಮೇಲೂ ಒಬ್ಬ ಶ್ರಾವಕಿಯ ಹೆಸರು ಬಂದು ಸೇರುವಷ್ಟು ಜೀವಂತವಾಗಿತ್ತು ಆ ಸ್ಥಳ. ಆಕೆಯ ನೆನಪನ್ನು ಕಲ್ಲಿಗೆ ಒಪ್ಪಿಸಲು ಮೆಟ್ಟಿಲು ಹತ್ತಿದವರಿಗೆ ಎದುರಿಗೆ ಕಂಡಿದ್ದದ್ದೂ ಇದೇ ನೀರು.

ನೋಟವನ್ನು ಸವಿಯುವುದು ಪಾಶ್ಚಾತ್ಯರಿಂದ ಬಂದ ಚಟ, ನಮ್ಮ ಪ್ರಾಚೀನರಿಗೆ ಅದು ತಿಳಿದಿರಲಿಲ್ಲ ಎಂಬ ಆಕ್ಷೇಪವೊಂದಿದೆ. ಇದನ್ನು ಹೇಳುವವರು ಕಾವ್ಯಮೀಮಾಂಸೆಯ ಮೊದಲ ಪುಟಗಳನ್ನಾದರೂ ತೆರೆಯಬೇಕು. ಮಹಾಕಾವ್ಯದಲ್ಲಿ ನಗರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ, ಜಲಕ್ರೀಡೆಗಳ ವರ್ಣನೆಯಿರಬೇಕೆಂದು ದಂಡಿ ವಿಧಿಸಿದ. ಅಷ್ಟಾದಶವರ್ಣನೆಯೆಂದು ಕನ್ನಡ ಕವಿಗಳು ಅದನ್ನು ಶತಮಾನಗಳ ಕಾಲ ನಡೆಸಿಕೊಂಡು ಬಂದರು. ನಾವು ವಿದ್ಯಾರ್ಥಿಗಳಿಗೆ ಹದಿನೆಂಟನ್ನೂ ಬಾಯಿಪಾಠ ಮಾಡಿಸುತ್ತೇವೆ. ಅದರಲ್ಲಿ ಆರೇಳು ಒಂದೇ ಕಡೆ ನಿಂತು ಕಾಣುವ ಊರಿಗೆ ಕರೆದುಕೊಂಡು ಹೋದಾಗ ಮಾತ್ರ ಶಾಸನದ ಸಾಲಿನ ಮೇಲೆ ಬೆರಳಿಟ್ಟು, ಬೇಗ ಬೇಗ ಬರೆದುಕೊಳ್ಳಿ ಎನ್ನುತ್ತೇವೆ.

ಬಾದಾಮಿಯ ಅರಮನೆಯ ಕವಿಯೇ ಈ ಆಕ್ಷೇಪಕ್ಕೆ ಉತ್ತರ ಕೊಟ್ಟಿದ್ದಾನೆ. ಐಹೊಳೆಯ ಮೇಗುಟಿ ಬಸದಿಯಲ್ಲಿ ಕ್ರಿ.ಶ. 634-35ರ ಪ್ರಶಸ್ತಿಯನ್ನು ರಚಿಸಿದ ರವಿಕೀರ್ತಿ, ಇಮ್ಮಡಿ ಪುಲಕೇಶಿಯ ಬನವಾಸಿ ಮುತ್ತಿಗೆಯನ್ನು ಹೇಳುವಾಗ ಆ ನಗರಕ್ಕೆ ವರದಾ ನದಿಯ ತೆರೆಗಳ ಮೇಲಿನ ಹಂಸಗಳ ಸಾಲನ್ನೇ ಒಡ್ಯಾಣವಾಗಿ ತೊಡಿಸುತ್ತಾನೆ. ಸೈನ್ಯವೆಂಬ ಸಮುದ್ರ ಸುತ್ತುವರಿದಾಗ ನೆಲದ ದುರ್ಗ ಜಲದುರ್ಗವಾಗಿ ಕಂಡಿತೆನ್ನುತ್ತಾನೆ. ಯುದ್ಧದ ವರದಿಯಲ್ಲಿಯೂ ನಗರವನ್ನು ನೀರಿನ ಮೂಲಕವೇ ಕಂಡ ಕಣ್ಣು ಅದು. ಆ ಕಣ್ಣು ತರಬೇತಾದದ್ದು ಎಲ್ಲಿ? ರಾಜಧಾನಿ ಬಾದಾಮಿಯಾಗಿತ್ತೆಂಬುದನ್ನು ನೆನೆದರೆ ಸಾಕು. ಕಾಳಿದಾಸ-ಭಾರವಿಗಳಿಗೆ ತನ್ನನ್ನು ಹೋಲಿಸಿಕೊಂಡನೆಂಬ ಒಂದೇ ಕಾರಣಕ್ಕೆ ರವಿಕೀರ್ತಿಯನ್ನು ಉದಾಹರಿಸುವ ನಾವು, ಆ ಹೋಲಿಕೆಗೆ ಅವನು ಅರ್ಹನಾಗುವ ಪದ್ಯಗಳನ್ನು ಓದಿಸುವುದಿಲ್ಲ.

ಇದೆಲ್ಲ ರಸಿಕರ ಚರ್ಚೆ, ಇದರಿಂದ ಲೋಕಕ್ಕೇನು ಎನ್ನಬಹುದು. ಲೋಕಕ್ಕೆ ತಾಗುವ ಭಾಗಕ್ಕೆ ಈಗ ಬರುತ್ತೇನೆ. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಒಳ್ಳೆಯ ಕಾನೂನು. ಅದಿಲ್ಲದಿದ್ದರೆ ಬಹಳಷ್ಟು ಗುಡಿಗಳು ಇಂದು ಅಂಗಡಿಗಳ ಹಿತ್ತಿಲಾಗಿರುತ್ತಿದ್ದವು. ಆದರೆ ಮೀಟರಿನ ಪಟ್ಟಿ ದೂರವನ್ನು ಅಳೆಯುತ್ತದೆ, ದೃಷ್ಟಿಯನ್ನು ಅಳೆಯುವುದಿಲ್ಲ. ಭೂತನಾಥನಿಗೆ ಸಂಜೆಯ ಬಿಸಿಲು ಬರುವುದು ಊರಿನ ಮೇಲಿಂದ, ಏರಿಯ ಮೇಲಿಂದ. ಆ ಹಾದಿಯಲ್ಲಿ ಎತ್ತರಕ್ಕೆದ್ದ ನೀರಿನ ಟ್ಯಾಂಕೋ ಮೊಬೈಲ್ ಗೋಪುರವೋ ಮುನ್ನೂರೊಂದನೆಯ ಮೀಟರಿನಲ್ಲಿ ನಿಂತರೆ ಕಾನೂನು ಪೂರ್ತಿ ಪಾಲನೆಯಾಗಿರುತ್ತದೆ, ನೋಟ ಪೂರ್ತಿ ಹೋಗಿರುತ್ತದೆ. ಅದೇ ತಿದ್ದುಪಡಿ ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಉಪವಿಧಿಗಳನ್ನು ರೂಪಿಸಲು ಅವಕಾಶವಿತ್ತಿದೆ. ಬಾದಾಮಿಯ ಉಪವಿಧಿಯಲ್ಲಿ ಏರಿ, ಮೆಟ್ಟಿಲು, ನೀರಿನ ಹರವು, ಬಂಡೆಯ ತಲೆಯ ಗೆರೆ, ಇವಿಷ್ಟನ್ನೂ ಸ್ಮಾರಕದ ಅಂಗಗಳೆಂದು ಹೆಸರಿಸಬೇಕು. ಹೆಸರಿಸುವಂತೆ ಹೇಳಬೇಕಾದವರು ಯಾರು? 'ರಮಣೀಯ ಹಿನ್ನೆಲೆ' ಎಂದು ಬರೆದ ವಿದ್ವಾಂಸರ ಪುಸ್ತಕಗಳನ್ನೇ ಅಧಿಕಾರಿಗಳು ಮುಂದಿಟ್ಟುಕೊಂಡು ಕೂರುತ್ತಾರೆ. ಹಿನ್ನೆಲೆಯನ್ನು ರಕ್ಷಿಸಿ ಎಂದರೆ ಅವರು ನಗುವುದರಲ್ಲಿ ಆಶ್ಚರ್ಯವಿಲ್ಲ.

ರಾತ್ರಿ ಬಣ್ಣದ ದೀಪ ಹಾಕಿ ಸ್ಮಾರಕಗಳನ್ನು 'ಬೆಳಗಿಸುವ' ಉತ್ಸಾಹ ನಾಡಿನ ತುಂಬ ಹಬ್ಬಿದೆ. ಹಸಿರು, ನೇರಳೆ, ನೀಲಿ. ಕಲ್ಲಿಗೆ ಯಾವ ಬಣ್ಣವಿದೆಯೋ ಅದೊಂದನ್ನು ಬಿಟ್ಟು ಉಳಿದೆಲ್ಲ. ಮೇಲಿನಿಂದ ಬರುವ ಬೆಳಕಿಗೆಂದು ಕಡೆದ ಮುಖದ ಮೇಲೆ ನೆಲದಲ್ಲಿ ಹೂತ ದೀಪ ಕೆಳಗಿನಿಂದ ಹಾಯ್ದರೆ ಮೂಗಿನ ನೆರಳು ಹಣೆಗೆ ಹತ್ತುತ್ತದೆ, ದೇವತೆ ದೆವ್ವವಾಗುತ್ತಾಳೆ. ಇದನ್ನು ಸೌಂದರ್ಯವರ್ಧನೆಯೆಂದು ಕರೆಯುವವರು ಒಂದು ಹುಣ್ಣಿಮೆಯ ರಾತ್ರಿ ದೀಪವಾರಿಸಿ ನೋಡಲಿ. ಮಂಗಲೇಶ ಆರಿಸಿದ ತಿಥಿಯಂದೇ ಆದರೂ ಆಗಬಹುದು.

ಕೊನೆಗೆ ಬಟ್ಟೆ ಒಗೆಯುವ ಹೆಂಗಸರ ವಿಷಯ. ಏರಿಯ ಮೆಟ್ಟಿಲುಗಳ ಮೇಲೆ ಊರಿನವರು ಬಟ್ಟೆ ಒಗೆಯುತ್ತಾರೆ. ಒಗೆತದ ಸಪ್ಪಳ ಬಂಡೆಗಳಿಗೆ ಬಡಿದು ಮರಳುತ್ತದೆ. ನಾಲ್ಕನೆಯ ಗುಹೆಯ ಮುಂದೆ ನಿಂತರೂ ಕೇಳುತ್ತದೆ. ಇವರಿಂದ ನೋಟ ಕೆಡುತ್ತದೆ, ಇವರನ್ನು ಎಬ್ಬಿಸಬೇಕು ಎಂದು ಕ್ಯಾಮೆರಾ ಹೊತ್ತವರು ಗೊಣಗುವುದನ್ನು ಕೇಳಿದ್ದೇನೆ. ನೀರು ಹಿನ್ನೆಲೆ ಎಂದೊಪ್ಪಿಕೊಂಡರೆ ಅವರ ಮಾತು ಸರಿಯೇ. ಪರದೆಯ ಮುಂದೆ ಒಗೆಯುವವರಿಗೇನು ಕೆಲಸ? ನೀರು ಊರಿನ ಕೆರೆ ಎಂದೊಪ್ಪಿಕೊಂಡರೆ, ಆ ಮೆಟ್ಟಿಲುಗಳನ್ನು ಕಟ್ಟಿದ್ದು ಊರವರು ನೀರಿಗಿಳಿಯಲೆಂದೇ ಎಂಬುದು ತಾನಾಗಿ ತಿಳಿಯುತ್ತದೆ. ಸಾಬೂನಿನ ನೊರೆಯಿಂದ ನೀರು ಕೆಡುತ್ತಿರುವುದು ಸುಳ್ಳಲ್ಲ, ಪಾಚಿ ಕಟ್ಟುವುದೂ ಸುಳ್ಳಲ್ಲ. ಅದಕ್ಕೆ ಉಪಾಯ ಏರಿಯ ಹೊರಬದಿಗೆ ನೀರು ಹಾಯಿಸಿ ಒಗೆಯುವ ಕಟ್ಟೆ ಕಟ್ಟಿಕೊಡುವುದು, ಕೊಳೆನೀರು ಕೆರೆಗೆ ಮರಳದಂತೆ ಕಾಲುವೆ ತೆಗೆಯುವುದು. ಬಂಡೆಯ ಮೇಲಣ ಮಳೆಯನ್ನು ಲೆಕ್ಕಹಾಕಿ ಇಷ್ಟು ದೊಡ್ಡ ಕೆರೆ ಕಟ್ಟಿದವರ ಊರಿನಲ್ಲಿ ಒಂದು ಒಗೆಯುವ ಕಟ್ಟೆ ಹೆಚ್ಚಿನ ಕೆಲಸವಲ್ಲ. ಕುಡಿಯಲು ಬಿಂದಿಗೆ ತುಂಬುವ ಪಾವಟಿಗೆಗಳನ್ನು, ದನ ಇಳಿಯುವ ಜಾಗವನ್ನು, ಒಗೆಯುವ ಕಟ್ಟೆಯನ್ನು ಹೀಗೆ ಬೇರೆ ಬೇರೆ ಮಾಡಿಟ್ಟುಕೊಂಡ ಕೆರೆಗಳು ಈ ನಾಡಿನಲ್ಲಿ ಇನ್ನೂ ಇವೆ. ಪುರಸಭೆಯ ಎಂಜಿನಿಯರರು ಅವುಗಳಲ್ಲಿ ಒಂದನ್ನು ನೋಡಿಬಂದರೂ ಸಾಕು.